ತಂಗಿಗೆ ಬಿದ್ದ ಚಪ್ಪಾಳೆ

ತಮಿಳುನಾಡಿನ ಉತ್ತಮಪಾಳಯಂನ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ಪೌರನೀತಿ ಪಾಠ ಮಾಡಿದವಳು. ಹಾಗಾಗಿ ಊರಿನ ಓದುಗರ ಬಳಗದವರು ಪಟ್ಟಿಮಂಡ್ರಂ ಏರ್ಪಡಿಸಿ, ಲೋಕಸಭೆಯ ಸ್ಥಾನಗಳನ್ನು ಹೆಚ್ಚಿಸಬೇಕೇ ಬೇಡವೇ ಎಂಬ ವಿಷಯ ಇಟ್ಟಾಗ, ಬೇಡ ಅನ್ನುವ ಪಕ್ಷಕ್ಕೆ ನನ್ನನ್ನು ಕರೆದರು. ಎರಡು ಪಕ್ಷವಾಗಿ ವೇದಿಕೆಯ ಮೇಲೆ ಕೂತು ವಾದಿಸುವುದು, ಕೊನೆಗೆ ನಡುವರ್ ತೀರ್ಪು ಹೇಳುವುದು: ನಮ್ಮ ಕಡೆಯ ಜನಕ್ಕೆ ಇದೆಂದರೆ ಪ್ರಾಣ. ಮೂರು ವಾರ ಕೂತು ಟಿಪ್ಪಣಿ ಬರೆದೆ.

ಅವತ್ತು ನನ್ನ ತಂಗಿ ಒಡ್ಡನ್‌ಛತ್ರಂನಿಂದ ಬಂದಿದ್ದಳು. ಅಲ್ಲಿ ಅವಳದೊಂದು ತರಕಾರಿ ಮಂಡಿ ಇದೆ. ಓದಿದ್ದು ಎಂಟನೇ ಕ್ಲಾಸು. ಇನ್ನೇನು ಶುರುವಾಗಬೇಕು, ಎದುರು ಪಕ್ಷಕ್ಕೆ ಮಾತಾಡಬೇಕಿದ್ದ ವಕೀಲರಿಗೆ ಜ್ವರ ಎಂದು ಫೋನ್ ಬಂತು. ಬಳಗದವರು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಇವಳು ಎದ್ದು ನನ್ನ ಹತ್ತಿರ ಬಂದಳು.

"ನಾ ಮಾತಾಡ್ಲಾಕ್ಕಾ?"

"ಅದ್ರಾಗೆ ನಿಂಗೇನು ಗೊತ್ತು?"

"ಗೊತ್ತಿರೋಷ್ಟು ಯೋಳ್ತೀನಿ."

ಮೊದಲು ನಾನು ಮಾತಾಡಿದೆ. ತಲೆ ಎಣಿಸಿ ಸ್ಥಾನ ಹಂಚಿದರೆ, ಸರ್ಕಾರದ ಮಾತು ಕೇಳಿ ಕುಟುಂಬ ಚಿಕ್ಕದಾಗಿ ಇಟ್ಟುಕೊಂಡ ನಮ್ಮ ರಾಜ್ಯದ ಪಾಲೇ ಕುಗ್ಗುತ್ತದೆ ಎಂದೆ. ಸದಸ್ಯರು ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ಮಾತಾಡಲು ಸಿಗುವ ಹೊತ್ತು ಕಡಿಮೆ ಎಂದೆ. ಜನ ತಲೆಯಾಡಿಸಿದರು.

ಆಮೇಲೆ ಅವಳು. ಮಂಡಿಯಲ್ಲಿ ನುಗ್ಗೆಕಾಯಿ ಹರಾಜು ಕೂಗುವ ಗಂಟಲು, ಮೈಕು ಬೇಕಾಗಲಿಲ್ಲ. ನಮ್ಮ ಮನೆಮಾತು ಕನ್ನಡವಾದರೂ ಸಭೆಗೆ ತಮಿಳಿನಲ್ಲೇ ಹೇಳಿದಳು: "ಊರಿನ ಅಂಚೆ ಕಚೇರಿ ಮುಚ್ಚಬೇಡಿ ಅಂತ ಅರ್ಜಿ ಹಿಡಿದು ಎಂಪಿಯವರನ್ನ ನೋಡೋಕೆ ಹೋದೆ. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತೆ. ನನ್ನ ಸರದಿ ಬರೋ ಹೊತ್ತಿಗೆ ಅವರು ಬೇರೆ ಊರಿಗೆ ಹೊರಟರು. ಅವರದೇನೂ ತಪ್ಪಿಲ್ಲ, ಪಾಪ. ಅಷ್ಟು ಲಕ್ಷ ಜನಕ್ಕೆ ಒಬ್ಬ ಮನುಷ್ಯ. ಇನ್ನೊಬ್ಬರಿದ್ದಿದ್ದರೆ ನನ್ನ ಮುಖ ನೋಡ್ತಿದ್ದರು."

ಸಭೆಯೆಲ್ಲ ಚಪ್ಪಾಳೆ. ನನ್ನ ಕಿವಿ ಬಿಸಿಯಾಯಿತು. ಆ ಸಾಲಿನಲ್ಲಿ ನಿಂತವಳು ನಾನು. ಆ ಅರ್ಜಿ ಬರೆದದ್ದೂ ನಾನೇ. ಅವಳಿಗೆ ಫೋನಿನಲ್ಲಿ ಹೇಳಿದ್ದೆ, ಅಷ್ಟೇ.

ನಡುವರ್ ತೀರ್ಪು ನಮ್ಮ ಪಕ್ಷದ ಕಡೆ ಕೊಟ್ಟರು. ಆದರೆ ಮುಗಿದ ಮೇಲೆ ಹೆಂಗಸರೆಲ್ಲ ಅವಳನ್ನೇ ಸುತ್ತಿಕೊಂಡರು. ನಾನು ಟಿಪ್ಪಣಿಗಳನ್ನು ಚೀಲಕ್ಕೆ ತುರುಕಿ ಬಾಳೆತೋಟದ ಪಕ್ಕದ ದಾರಿಯಲ್ಲಿ ಒಬ್ಬಳೇ ಮನೆಗೆ ನಡೆದೆ.

ಸ್ವಲ್ಪ ದಿನಕ್ಕೆ ದಿಂಡಿಗಲ್‌ನಿಂದ ಯಾರೋ ಫೋನ್ ಮಾಡಿದರು. ಅಲ್ಲೂ ಅದೇ ವಿಷಯದ ಪಟ್ಟಿಮಂಡ್ರಂ ಇದೆಯಂತೆ. ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. "ಟೀಚರ್, ನಿಮ್ಮ ತಂಗಿಯ ನಂಬರ್ ಕೊಡ್ತೀರಾ?" ಎಂದರು. ಕೊಟ್ಟೆ. ಕೊನೆಯ ಎರಡು ಅಂಕೆ ಮಾತ್ರ ಹಿಂದುಮುಂದು ಮಾಡಿ ಏಳು, ಒಂದು ಎಂದೆ.

ಅವರು ಹೇಗೋ ಅವಳ ಮಂಡಿಯನ್ನೇ ಹುಡುಕಿಕೊಂಡು ಹೋದರು. ಮುಂದಿನ ಭಾನುವಾರ ಅವಳು ಒಂದು ಚೀಲ ತರಕಾರಿ ಹೊತ್ತು ಬಂದು ಅಡುಗೆಮನೆಯಲ್ಲಿ ಇಳಿಸಿದಳು.

"ನೀ ಕೊಟ್ಟ ನಂಬರು ತಪ್ಪಂತಲ್ಲಕ್ಕಾ."

"ವಯ್ಸಾಯ್ತು. ಮರ್ತೋಯ್ತು."

"ದಿನಾ ಫೋನ್ ಮಾಡ್ತೀಯ. ನನ್ ನಂಬರು ನಿಂಗೆ ಬಾಯಿಪಾಠ."

ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ. ಕೊನೆಗೆ ಬಾಯಿಬಿಟ್ಟೆ: "ಸಾಲಿನಾಗೆ ನಿಂತೋಳು ನಾನು."

"ನೀನೇ ನಿಂತೋಳು," ಎಂದಳು. "ಆದ್ರೆ ಅದ್ನ ನೀ ಯೋಳ್ತಿರ್ಲಿಲ್ಲ. ನಿನ್ನ ಪಕ್ಷಕ್ಕೆ ಆಗ್ಬರ್ತಿರ್ಲಿಲ್ಲ ಅದು."

ನಿಜ. ಟಿಪ್ಪಣಿ ಬರೆಯುವಾಗ ಆ ದಿನ ನೆನಪಾಗಿತ್ತು, ಬೇಕೆಂದೇ ಬಿಟ್ಟಿದ್ದೆ. ಆದರೆ ಅವಳೆದುರು ಒಪ್ಪಿಕೊಳ್ಳಲಿಲ್ಲ.

ದಿಂಡಿಗಲ್‌ಗೆ ಜೊತೆಗೆ ಬಾ ಎಂದು ಎರಡು ಸಲ ಕರೆದಳು. ಮಂಡಿನೋವು ಎಂದೆ. ಕಾರ್ಯಕ್ರಮ ಮುಗಿಸಿ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದಳು: "ಯಾರೂ ಅಷ್ಟಾಗಿ ಕೈ ತಟ್ಲಿಲ್ಲಕ್ಕಾ. ನಡುವೆ ಮಾತು ಮರ್ತೋಯ್ತು."

"ಅಯ್ಯೋ, ಹೋಗ್ಲಿ ಬಿಡು," ಎಂದೆ. ಫೋನ್ ಇಟ್ಟ ಮೇಲೆ ಹಾಲು ಕಾಯಿಸಿ ಕಾಫಿ ಮಾಡಿಕೊಂಡೆ. ನಾಚಿಕೆಯಾಯಿತು. ಆದರೂ ಅಷ್ಟು ರುಚಿಯಾದ ಕಾಫಿ ಕುಡಿದು ಬಹಳ ದಿನವಾಗಿತ್ತು.