ಹರಿವಾಣದ ಮಾರೆಪ್ಪನನ್ನು ಕರೆಯಲು ಹೋದದ್ದು

ಬಳ್ಳಾರಿ ಸ್ಟೇಷನ್ನಿಗೆ ನಾನು ಬೆಳಕು ಹರಿಯುವ ಮೊದಲೇ ತಲುಪಿದೆ. ಗಾಡಿಗೆ ಇನ್ನೂ ಹೊತ್ತಿತ್ತು. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು ಗಾಡಿಗಾಗಿ ಕಾಯಬೇಕು, ಗಾಡಿಯ ಹಿಂದೆ ಓಡಬಾರದು. ಒಂದು ಕೈಚೀಲ, ಒಂದು ಶಾಲು, ನೀರಿನ ಕೂಜ, ಮನೆಯಲ್ಲಿ ಕಟ್ಟಿಕೊಟ್ಟ ರೊಟ್ಟಿಯ ಗಂಟು, ಇಷ್ಟೇ ನನ್ನ ಸಾಮಾನು. ನನ್ನ ಜೊತೆ ಬರಬೇಕಾಗಿದ್ದ ಹಿತ್ತಾಳೆ ಪಾತ್ರೆ ಅಂಗಡಿಯ ವೀರಭದ್ರಪ್ಪನವರು ಗಾರ್ಡು ಸೀಟಿ ಊದಿದ ಮೇಲೆ ಓಡಿಬಂದು ಹತ್ತಿದರು. ಹತ್ತಿ ಕೂತು, ಉಸಿರು ಸುಧಾರಿಸಿಕೊಂಡು, "ಮಾಸ್ತರ, ರಾತ್ರಿ ಇಲ್ಲೇ ಮಲಗಿದ್ರೇನು?" ಎಂದರು.

ನಾವು ಹೊರಟದ್ದು ಆದವಾನಿಗೆ. ಅಲ್ಲಿಯ ಹಾಕಿ ತಂಡದ ನಾಯಕ ಖಾಜಾಸಾಬ ಹೇಳಿ ಕಳಿಸಿದ್ದ. ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿ ಬಿಡಿಸುವವರು, ಹತ್ತಿ ಅಂಡಿಗೆ ಕಟ್ಟುವವರು ಸೇರಿ ಕಟ್ಟಿದ ತಂಡ ಅದು. ತಲೆಗೂದಲಿನಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಆಟಕ್ಕೆ ಬರುತ್ತಿದ್ದುದರಿಂದ ಜನ ಅವರನ್ನು ಹತ್ತಿ ತಂಡ ಎನ್ನುತ್ತಿದ್ದರು. ಜಿಲ್ಲೆ ಒಡೆದು ಆದವಾನಿ ಆಂಧ್ರಕ್ಕೆ ಹೋಯಿತು, ಬಳ್ಳಾರಿ ಮೈಸೂರಿಗೆ ಬಂತು. ಹಾಕಿಯ ವಿಷಯದಲ್ಲಿ ಮಾತ್ರ ನಾವು ಕೆಲವರು ಇಂದಿಗೂ ಆದವಾನಿಯವರೇ. ಹೋದ ವರ್ಷ ಆ ತಂಡ ಪಂದ್ಯಾವಳಿಯ ಕೊನೆಯ ಆಟದವರೆಗೆ ಬಂದು ಒಂದೇ ಗೋಲಿನಿಂದ ಕಪ್ಪು ಕಳೆದುಕೊಂಡಿತು. ಆ ಆಟ ನೋಡಿದವರಲ್ಲಿ ನಾವಿಬ್ಬರೂ ಇದ್ದೆವು.

ಗುಂತಕಲ್ಲಿನಲ್ಲಿ ಇಳಿದು ಕಾಫಿ ಕುಡಿದು ದೊಡ್ಡ ಗಾಡಿ ಹತ್ತಿದೆವು. ಆದವಾನಿಗೆ ಮೂರನೇ ದರ್ಜೆಯ ಟಿಕೀಟು ರೂಪಾಯಿಯೊಳಗೇ ಮುಗಿಯಿತು. ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ. ಎರಡೂ ಕಡೆ ಕರಿ ಎರೆಯ ಹೊಲ, ಕೊಯ್ದ ಜೋಳದ ಗೂಡುಗಳು, ಅಲ್ಲಲ್ಲಿ ಇನ್ನೂ ಬಿಡಿಸದ ಹತ್ತಿ. ನಮ್ಮ ಎದುರು ಎಮ್ಮಿಗನೂರಿನ ನೇಕಾರನೊಬ್ಬ ಸೀರೆಯ ಗಂಟಿನ ಮೇಲೆ ಕೂತಿದ್ದ. ನಾವು ಖಾಜಾನ ಹೆಸರು ತೆಗೆದದ್ದೇ ತಡ, ಅವನೂ ಮಾತಿಗೆ ಸೇರಿದ. ಅವನೂ ಆ ಆಟ ನೋಡಿದ್ದನಂತೆ. "ಖಾಜಾನ ಕೋಲಿಗೆ ಚೆಂಡು ಸಿಕ್ಕರ ಮಗ್ಗದಾಗ ಲಾಳಿ ಓಡಿದಂಗ ನೋಡ್ರಿ. ಇತ್ತಾಗ ಅಂದ್ರ ಅತ್ತಾಗ ಇರ್ತಿತ್ತು," ಎಂದ.

ನಾವು ಮೂವರೂ ಸೇರಿ ಇಡೀ ಋತುವನ್ನು ಮತ್ತೆ ಆಡಿದೆವು. ಕರ್ನೂಲಿನವರನ್ನು ಸೋಲಿಸಿದ್ದು, ರಾಯಚೂರಿನವರ ಮೇಲೆ ಮೊದಲು ಗೋಲು ತಿಂದು ಆಮೇಲೆ ಮೂರು ಕೊಟ್ಟದ್ದು, ಬರಿಗಾಲಿನ ಈ ಹುಡುಗರ ಎದುರು ಬೂಟಿನವರು ಜಾರಿ ಬಿದ್ದದ್ದು. ಎಲ್ಲವೂ ಅವರ ಸ್ವಂತ ಮೈದಾನದಲ್ಲೇ ನಡೆದದ್ದು. ಮಿಲ್ಲಿನ ಹಿಂದಿನ ಆ ಬಯಲು ಗರಸುಕಲ್ಲಿನ ನೆಲ. ನಡುನಡುವೆ ಎರೆಮಣ್ಣಿನ ಪಟ್ಟಿಗಳು ಬಿರಿದು ಉಬ್ಬುತಗ್ಗಾಗಿದ್ದವು. ಹತ್ತಿ ತಂಡದವರಿಗೆ ಒಂದೊಂದು ತಗ್ಗೂ ಗೊತ್ತು. ಗೋಲಿನ ಎದುರಿನ ವೃತ್ತದೊಳಗೆ ಎಡಬದಿಗೆ ಒಂದು ತಗ್ಗಿತ್ತು. ಖಾಜಾ ಚೆಂಡನ್ನು ಅದಕ್ಕೆ ತಳ್ಳಿದರೆ ಅದು ಗೋಲ್‌ಕೀಪರನ ಪಕ್ಕದಿಂದ ತಿರುಗಿ ಒಳಗೆ ಹೋಗುತ್ತಿತ್ತು. ಹೊರಗಿನ ತಂಡಗಳಿಗೆ ಅದು ಮಾಟದಂತೆ ಕಾಣುತ್ತಿತ್ತು.

ಆಗ ನೇಕಾರ ಕೇಳಿದ: "ಆ ಕಣ ಮಾಡಿದ ಮನುಷ್ಯ ಮತ್ತ ಮೈದಾನಕ್ಕ ಬಂದಾನೇನ್ರಿ?"

ವೀರಭದ್ರಪ್ಪನವರು ಕಿಟಕಿಯ ಕಡೆ ತಿರುಗಿದರು. ಬಂದಿಲ್ಲ ಎಂದು ನಾನೇ ಹೇಳಿದೆ.

ಆ ಮನುಷ್ಯ ಪೆದ್ದಹರಿವಾಣಂ ಊರಿನ ಮಾರೆಪ್ಪ. ಒಕ್ಕಲುತನ, ಒಂದು ಕುರಿ ಹಿಂಡು. ವರ್ಷವರ್ಷವೂ ಗಾಡಿಯಲ್ಲಿ ಹತ್ತಿ ತಂದು ಮಿಲ್ಲಿನಲ್ಲಿ ತೂಕಕ್ಕೆ ಕಾಯುತ್ತ ಕೂತವನು ಹಿಂದಿನ ಬಯಲಿನಲ್ಲಿ ಆಟ ನೋಡಿದ. ಆಮೇಲೆ ಹತ್ತಿ ಇಲ್ಲದಿದ್ದರೂ ಬರತೊಡಗಿದ. ತಂಡ ಕೊನೆಯ ಆಟಕ್ಕೆ ಬಂದಾಗ, ಮದರಾಸಿನ ಕಡೆಯ ರೈಲ್ವೆ ತಂಡ ಬರುತ್ತದೆಂದು ತಿಳಿದಾಗ, ಅವನಿಗೆ ನಮ್ಮವರ ನೆಲ ನೋಡಿ ನಾಚಿಕೆಯಾಯಿತು. ಸುತ್ತಲಿನ ಊರುಗಳ ಕುರಿ ಹಿಂಡು, ಕಲ್ಲುಗುಂಡು, ನೀರಿನ ಪೀಪಾಯಿಯ ಗಾಡಿಗಳನ್ನು ಕರೆತಂದ. ಒಕ್ಕಲಿಗರು ಜೋಳ ಒಕ್ಕಲು ಕಣ ಮಾಡುವ ಹಾಗೆಯೇ ಮಾಡಿದರು: ಎರೆಮಣ್ಣು ಹರಡಿದರು, ನೀರು ಹೊಡೆದರು, ಕುರಿ ತುಳಿಸಿದರು, ಗುಂಡು ಎಳೆದರು, ಮೇಲೆ ಸಗಣಿನೀರಿನಿಂದ ಸಾರಿಸಿದರು. ಆಟದ ದಿನ ಮೈದಾನ ಹಪ್ಪಳದ ಹಾಗೆ ಸಪಾಟಾಗಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಟ ಶುರುವಾದಾಗ ಗೊತ್ತಾಯಿತು. ರೈಲ್ವೆಯವರು ಅಂಥ ನೆಲದಲ್ಲೇ ಬೆಳೆದವರು. ನಮ್ಮವರಿಗೆ ಚೆಂಡು ಕಾದ ಜಾಗಕ್ಕೆ ಬರಲಿಲ್ಲ, ಎಣಿಸಿದ್ದಕ್ಕಿಂತ ಮೊದಲೇ ಬಂದು ಹೋಗಿಬಿಡುತ್ತಿತ್ತು. ಎರಡು ಗೋಲು ತಿಂದರು. ಎರಡನೇ ಅರ್ಧದಲ್ಲಿ ಕೈಗೆ ನೆಲ ಹತ್ತಿತು, ಒಂದು ಗೋಲು ಮಾಡಿದರು. ಅಷ್ಟು ಚೆಲುವಾದ ಹಾಕಿಯನ್ನು ನಾನು ಅವರಿಂದ ಅದುವರೆಗೆ ನೋಡಿರಲಿಲ್ಲ. ಕಡೆಯ ಗಳಿಗೆಯಲ್ಲಿ ಖಾಜಾನಿಗೆ ವೃತ್ತದೊಳಗೆ ಚೆಂಡು ಸಿಕ್ಕಿತು. ಎಂದಿನಂತೆ ಎಡದ ತಗ್ಗಿಗೆ ತಳ್ಳಿದ. ತಗ್ಗು ಅಲ್ಲಿರಲಿಲ್ಲ. ಚೆಂಡು ನೆಟ್ಟಗೆ ಗೋಲುಕಂಬದ ಹೊರಗಿನಿಂದ ಗೆರೆ ದಾಟಿ ಹೋಯಿತು. ಗುಂಪಿನಿಂದ ಒಂದು ದನಿ ಬಂತು: "ಕಣ ಮಾಡ್ಯಾನಲ್ಲ, ಇನ್ನು ಹೊಟ್ಟು ತೂರಿಕೊಳ್ಳಲಿ." ಮಾರೆಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಆ ಮೇಲೆ ಮೈದಾನದ ಕಡೆ ಸುಳಿದಿಲ್ಲ. ಆ ದನಿ ವೀರಭದ್ರಪ್ಪನವರದು. ಅವರು ಈ ಪ್ರಯಾಣಕ್ಕೆ ನಾನು ಕರೆಯದೆಯೇ ಹೊರಟದ್ದು ಅದಕ್ಕಾಗಿಯೇ.

ಆದವಾನಿಯಲ್ಲಿ ಬಿಸಿಲು ಚುರುಕಾಗಿತ್ತು. ಸ್ಟೇಷನ್ನಿನ ಎದುರಿನ ಛತ್ರದಲ್ಲಿ ಸಾಮಾನು ಇಟ್ಟು, ಮಂಡಕ್ಕಿಯ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಬಜ್ಜಿಯ ಖಾರಕ್ಕೆ ವೀರಭದ್ರಪ್ಪನವರ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದರು. ರಸ್ತೆಯ ಎರಡೂ ಬದಿಗೆ ಹತ್ತಿ ಗಾಡಿಗಳು ಸಾಲುಗಟ್ಟಿದ್ದವು. ಜಾಲಿಯ ಮುಳ್ಳಿಗೆಲ್ಲ ಬಿಳಿ ಎಳೆ ಸಿಕ್ಕಿಕೊಂಡಿತ್ತು.

ಸಂಜೆ ಮಿಲ್ಲು ಬಿಟ್ಟ ಮೇಲೆ ಮೈದಾನಕ್ಕೆ ಹೋದೆವು. ಮಳೆಗಾಲ ಕಳೆದು ನೆಲ ಮತ್ತೆ ಹಳೆಯದೇ ಆಗಿತ್ತು, ಬಿರುಕು ಬಿಟ್ಟ, ಉಬ್ಬಿದ ನೆಲ. ತಂಡದವರ ಶಿಸ್ತು ನನಗೆ ಯಾವತ್ತೂ ಮೆಚ್ಚಿಗೆ. ದಿನವೆಲ್ಲ ದುಡಿದು ಬಂದವರು, ಯಾರೂ ಹೇಳದೆ ಸಾಲಾಗಿ ನಿಂತು ಮೈ ಬಿಸಿ ಮಾಡಿಕೊಂಡರು. ಒಡೆದ ಕೋಲುಗಳಿಗೆ ನೂಲು ಸುತ್ತಿ, ಹುಣಸೆಬೀಜದ ಅಂಟು ಹಚ್ಚಿ ಗಟ್ಟಿ ಮಾಡಿಕೊಂಡಿದ್ದರು. ತಪ್ಪು ಹೊಡೆದವನನ್ನು ಬೈದವರಿಲ್ಲ. ಅವನೇ ಓಡಿ ಚೆಂಡು ತಂದ.

ಖಾಜಾ ನಮ್ಮ ಪಕ್ಕ ಬಂದು ಕೂತ. ತೆಳ್ಳಗಿನ ಎತ್ತರದ ಆಳು, ಮಾತು ಕಡಿಮೆ. ಈ ವರ್ಷದ ಪಂದ್ಯಗಳ ಸಮಾಚಾರ ಹೇಳಿದ. ಮನೆಯ ಆಟವೆಲ್ಲ ಗೆದ್ದಿದ್ದರು, ಹೊರಗಿನದೆಲ್ಲ ಸೋತಿದ್ದರು. "ಇಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಆಡ್ತೀವಿ, ಮಾಸ್ತರ್‌ಸಾಬ್. ಗುಂತಕಲ್ಲಿಗೆ ಹೋದ್ರ ಕಣ್ಣು ತೆರೆದು ತಪ್ತೀವಿ," ಎಂದ. ಈ ಸಲದ ಕೊನೆಯ ಆಟಗಳು ಹೊರಗಿನ ಊರಿನಲ್ಲಿ ಎಂದು ಗೊತ್ತಾಗಿತ್ತು. ಸಪಾಟು ನೆಲದಲ್ಲಿ ಒಂದು ತಿಂಗಳಾದರೂ ಆಡಿ ಕಲಿಯದಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಬರಬೇಕು. ಅಂಥ ನೆಲ ಮಾಡುವವನು ಮಾರೆಪ್ಪನೊಬ್ಬನೇ. ಇತರರು ಕುರಿ ತರಬಹುದು, ನೀರು ಎಷ್ಟು, ಗುಂಡು ಯಾವಾಗ ಎಂಬ ಹದ ಅವರಿಗೆ ತಿಳಿಯದು. ತಂಡದವರು ಹೋಗಿ ಕರೆದಿದ್ದರು. ಬರಲಿಲ್ಲ. ಹಿರಿಯರು ಬಂದರೆ ಒಪ್ಪಿಯಾನೆಂದು ನನಗೆ ಹೇಳಿ ಕಳಿಸಿದ್ದ.

ಮರುದಿನ ಬೆಳಿಗ್ಗೆ, ಕೋಲು ಹಿಡಿದು ಬಂದ ಖಾಜಾನ ಜೊತೆ, ಸಿರುಗುಪ್ಪದ ಬಸ್ಸು ಹತ್ತಿದೆವು. ಹತ್ತು ಮೈಲಿಯ ಮೇಲಿನ ದಾರಿ. "ಜರಗಂಡಿ, ಜರಗಂಡಿ" ಎಂದು ತೆಲುಗಿನಲ್ಲಿ ಸರಿಯಲು ಹೇಳುತ್ತ ಕಂಡಕ್ಟರು ನಮ್ಮನ್ನು ಮೆಣಸಿನಕಾಯಿ ಚೀಲಗಳ ನಡುವೆ ಒತ್ತಿದ. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಕ್ರಮವಾಗಿ ಜೋಡಿಸಿಕೊಂಡೆ. ವೀರಭದ್ರಪ್ಪನವರು ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ.

ಪೆದ್ದಹರಿವಾಣಂ ದೊಡ್ಡ ಊರು. ಮಾರೆಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ಹೆಂಡತಿ ಗಂಗಮ್ಮ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. ಖಾಜಾನನ್ನು ನೋಡಿ ನಕ್ಕಳು, ನಮಗೆ ನೀರು ಕೊಟ್ಟಳು. "ಕಪ್ಪು ಕಳಕೊಂಡವರು ಮತ್ತ ಆಡಾಕ ಹತ್ಯಾರ. ಈ ಮನುಷ್ಯ ಒಬ್ಬನ ದಿನಾ ಸೋಲಾಕ ಹತ್ಯಾನ," ಎಂದಳು. "ಹೋಗ್ರಿ, ಕಣದಾಗ ಅದಾನ. ಬೈದರ ಬೈಸಿಕೊಳ್ರಿ, ಊಟಕ್ಕ ಮಾತ್ರ ಇಲ್ಲೇ ಬರ್ರಿ."

ಊರ ಹೊರಗಿನ ಕಣದಲ್ಲಿ ಮಾರೆಪ್ಪ ಗುಂಡು ಎಳೆಯುವ ಎತ್ತುಗಳನ್ನು ಬಿಚ್ಚುತ್ತಿದ್ದ. ಕಣ ಹೊಸದು, ಇನ್ನೂ ಜೋಳ ಹಾಕಿರಲಿಲ್ಲ. ಖಾಜಾ ಅಂಚಿನಲ್ಲೇ ಚಪ್ಪಲಿ ಬಿಟ್ಟ. ನಾವೂ ಬಿಟ್ಟೆವು. ಮಾರೆಪ್ಪ ನಮ್ಮನ್ನು ನೋಡಿ ಕೈ ಮುಗಿದ, ಎತ್ತುಗಳಿಗೆ ಮೇವು ಹಾಕಿದ, ಆಮೇಲೆ ಬಂದು ನಿಂತ. ಖಾಜಾ ಸುತ್ತುಬಳಸಲಿಲ್ಲ. ಈ ವರ್ಷವೂ ಮೈದಾನಕ್ಕೆ ಕಣವಾಗಬೇಕು ಎಂದ. ಒಂದು ಸಲ ಮಾಡಿದ್ದು ಸಾಲದೇ ಎಂದು ಮಾರೆಪ್ಪ ಕೇಳಿದ.

ನಾನು ಜೋಡಿಸಿಕೊಂಡಿದ್ದನ್ನು ಆರಂಭಿಸಿದೆ. ಅಂದಿನ ಸೋಲಿಗೆ ಕಾರಣಗಳು ಹಲವು, ಎದುರಾಳಿ ತಂಡ ಬಲವಾದದ್ದು, ಸಂಜೆಯ ಬಿಸಿಲು ನಮ್ಮವರ ಕಣ್ಣಿಗೆ ಬಡಿಯುತ್ತಿತ್ತು. ಅಷ್ಟಕ್ಕೇ ಅವನು ಕೈ ಎತ್ತಿದ.

"ಮಾಸ್ತರ, ನೀವು ದೊಡ್ಡವರು, ಸುಮ್ಕಿರ್ರಿ. ಬಿಸಿಲಿನ ಮಾತು ವರ್ಷದಿಂದ ಕೇಳೀನಿ. ನಾ ಇವನ್ನ ಕೇಳ್ತೀನಿ." ಖಾಜಾನ ಕಡೆ ತಿರುಗಿದ. "ಆ ಕಡೇ ಚೆಂಡು. ಎಡಕ್ಕ ನೂಕಿದ್ದು. ನಾ ನೆಲ ಮುಟ್ಟದ ಇದ್ದಿದ್ರ ಗೋಲು ಆಗ್ತಿತ್ತೋ, ಇಲ್ಲೋ?"

ಖಾಜಾ ತಲೆ ತಗ್ಗಿಸಿ ಕೋಲಿನ ತುದಿಯನ್ನು ನೋಡುತ್ತಿದ್ದ. ಇಲ್ಲ ಎಂದು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಮಾತಿನಿಂದ ಕೆಲಸ ಆಗಿಹೋಗುತ್ತಿತ್ತು.

"ಆಗ್ತಿತ್ತು ಮಾವ," ಎಂದ ಖಾಜಾ.

ವೀರಭದ್ರಪ್ಪನವರು ಕಣ್ಣು ಮುಚ್ಚಿಕೊಂಡರು. ಮಾರೆಪ್ಪ ನಿಧಾನವಾಗಿ ಹೋಗಿ ಕಲ್ಲುಗುಂಡಿನ ಮೇಲೆ ಕೂತ. ಎತ್ತುಗಳು ಮೇವು ಅಗಿಯುತ್ತಿದ್ದವು.

"ನನಗ ಗೊತ್ತಿತ್ತು," ಎಂದ ಮಾರೆಪ್ಪ ಕಡೆಗೆ. "ಊರೆಲ್ಲಾ ಬಂದು ಇಲ್ಲ ಇಲ್ಲ ಅಂತು. ಹಂಗ ಅಂದಾಗೆಲ್ಲ ಇವರು ನನ್ನ ಮಗು ಮಾಡ್ಯಾರಲ್ಲ ಅಂತ ಉರೀತಿತ್ತು. ನೀ ಒಬ್ಬ ಖರೇ ಹೇಳಿದಿ."

ಖಾಜಾ ಅವನ ಎದುರು ಕುಕ್ಕರಗಾಲಲ್ಲಿ ಕೂತ. "ಇನ್ನೊಂದು ಖರೇ ಕೇಳು. ನಾನು ಅವತ್ತು ಗೋಲು ನೋಡಿ ಹೊಡೀಲಿಲ್ಲ, ತಗ್ಗು ನೋಡಿ ಹೊಡೆದೆ. ಆ ತಗ್ಗು ಬ್ಯಾರೆ ಊರಾಗ ಎಲ್ಲಿ ಸಿಗತೈತಿ? ನೀ ನೆಲ ಸಾಫ್ ಮಾಡಿದ್ದು ತಪ್ಪಲ್ಲ. ನಮಗ ಕಲಿಯಾಕ ಟೈಮ್ ಇರಲಿಲ್ಲ. ಈ ಸಲ ಈಗಲೇ ಮಾಡಿಕೊಡು, ಆಡಿ ಕಲೀತೀವಿ."

ಮಾರೆಪ್ಪ ಚೆಂಡು ತಂದಿದ್ದೀಯಾ ಎಂದು ಕೇಳಿದ. ಖಾಜಾ ಅದನ್ನು ಕಣದ ಅಂಚಿಗೆ ಇಟ್ಟು ಮೆಲ್ಲಗೆ ತಳ್ಳಿದ. ಚೆಂಡು ಸದ್ದಿಲ್ಲದೆ ಉರುಳಿ ಆಚೆ ಅಂಚಿಗೆ ಹೋಗಿ ನಿಂತಿತು. ಮಾರೆಪ್ಪ ಬಗ್ಗಿ, ಅದು ಹೋದ ದಾರಿಯುದ್ದಕ್ಕೂ ಅಂಗೈ ಆಡಿಸಿದ. ಮತ್ತೆ ತಳ್ಳಿಸಿದ. ಇನ್ನೊಂದು ಕಡೆಯಿಂದ ತಳ್ಳಿಸಿದ. ಕೊನೆಗೆ, ಒಂದು ಜಾಗದಲ್ಲಿ ಚೆಂಡು ಸ್ವಲ್ಪ ಬಲಕ್ಕೆ ಎಳೆಯುತ್ತದೆ, ಹೋದ ಸಲ ಸಗಣಿ ಹೆಚ್ಚಾಗಿತ್ತು, ಚೆಂಡು ಅಷ್ಟು ಜಾರಬಾರದು, ಈ ಸಲ ಸಾರಣೆ ತೆಳ್ಳಗೆ ಸಾಕು ಎಂದೆಲ್ಲ ತನ್ನಷ್ಟಕ್ಕೆ ಹೇಳಿಕೊಂಡ. ಅವನು ಬರುತ್ತಾನೆಂದು ನಮಗೆ ತಿಳಿದದ್ದು ಹಾಗೆ.

ಆಗ ವೀರಭದ್ರಪ್ಪನವರು ಮುಂದೆ ಬಂದರು. ಅಂದು ಗುಂಪಿನಲ್ಲಿ ಆಡಿದ ಮಾತು ತಮ್ಮದೆಂದು ಹೇಳಿದರು. ಮಾರೆಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಹೊಟ್ಟು ತೂರಿಕೋ ಅಂದವರು ನೀವೇನು? ಸರೇ. ನೀರು ಹೊರಾಕ ಬರ್ರಿ. ಬಾಯಿ ಇದ್ದಷ್ಟು ಹೆಗಲೂ ಐತೇನು, ನೋಡೂಣು."

ಗಂಗಮ್ಮನ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ಅಂಥ ರೊಟ್ಟಿ ನಾನು ಬಹಳ ದಿನಗಳಿಂದ ತಿಂದಿರಲಿಲ್ಲ. ಮಾರೆಪ್ಪ ನಮ್ಮ ಜೊತೆಗೇ ಕೂತು ಉಂಡ. ಉಣ್ಣುವಾಗ ಹೋದ ವರ್ಷದ ಆ ಒಂದು ಗೋಲು ಹೇಗೆ ಆಯಿತೆಂದು ಖಾಜಾನಿಂದ ಎರಡು ಸಲ ಹೇಳಿಸಿದ. ಆ ಗೋಲು ಬಿದ್ದದ್ದು ತನ್ನ ನೆಲದ ಮೇಲೆ ಎಂಬುದು ಅವನಿಗೆ ಆಗಷ್ಟೇ ಹೊಳೆದಂತಿತ್ತು. ಗಂಗಮ್ಮ ನಮ್ಮ ಕಡೆ ನೋಡಿ ಬಾಯಿಗೆ ಸೆರಗು ಹಿಡಿದಳು.

ನಾಲ್ಕಾರು ದಿನಗಳಲ್ಲಿ ಕುರಿಗಳು ಬಂದವು, ಗಾಡಿಗಳು ಬಂದವು. ಪೆದ್ದಕಡುಬೂರಿನಿಂದಲೂ ಒಂದು ಹಿಂಡು ಬಂತು. ಮಿಲ್ಲಿನ ಹೆಂಗಸರು ಕೆಲಸ ಬಿಟ್ಟ ಮೇಲೆ ಬುಟ್ಟಿಯಲ್ಲಿ ಎರೆಮಣ್ಣು ಹೊತ್ತರು. ವೀರಭದ್ರಪ್ಪನವರು ಧೋತರ ಮೇಲಕ್ಕೆ ಕಟ್ಟಿ, ಹೆಗಲಿಗೆ ಅಡ್ಡೆ ಹೊತ್ತು, ಬಾವಿಯಿಂದ ಮೈದಾನಕ್ಕೆ ನೀರು ಹಾಕುತ್ತಿದ್ದರು. ನಾನು ಕೆಲಸದವರನ್ನು ಸಾಲಾಗಿ ನಿಲ್ಲಿಸಿದೆ. ಅದಕ್ಕಿಂತ ಹೆಚ್ಚಿನದು ನನ್ನಿಂದಾಗಲಿಲ್ಲ. ನಾನು ಮನೆಗೆ ಹೊರಡುವ ದಿನ ಬಂತು. ವೀರಭದ್ರಪ್ಪನವರು ಬರುವುದಿಲ್ಲವೆಂದರು. ಅಂಗಡಿ ಏನಾಯಿತೆಂದು ಕೇಳಿದೆ. ತಮ್ಮ ನೋಡಿಕೊಳ್ಳುತ್ತಾನೆ ಎಂದರು.

ಗಾಡಿ ಆದವಾನಿ ಬಿಟ್ಟಾಗ ಬಾಗಿಲಲ್ಲಿ ನಿಂತೆ. ಮಿಲ್ಲಿನ ಚಿಮಣಿ ದಾಟಿದ ಮೇಲೆ ಮೈದಾನ ಕಾಣಿಸಿತು. ಒದ್ದೆ ನೆಲದ ಮೇಲೆ ಕುರಿಗಳು ಒತ್ತೊತ್ತಾಗಿ ಸುತ್ತುತ್ತಿದ್ದವು, ನಡುವೆ ಮಾರೆಪ್ಪ ನಿಂತಿದ್ದ. ಅಂಚಿನಲ್ಲಿ ಹತ್ತಿ ತಂಡದವರು ಕೋಲು ಹಿಡಿದು ಕಾಯುತ್ತಿದ್ದರು. ಖಾಜಾ ಒಂದು ಹೆಜ್ಜೆ ಒಳಗಿಟ್ಟದ್ದನ್ನು ನೋಡಿದೆ. ಮಾರೆಪ್ಪ ಅಲ್ಲಿಂದಲೇ ಕೋಲೆತ್ತಿ ಗದರಿಸಿದ. ನಾಯಕ ಹೆಜ್ಜೆ ಹಿಂದೆ ತೆಗೆದುಕೊಂಡು, ಎಲ್ಲರ ಜೊತೆ ಗೆರೆಯ ಆಚೆ ನಿಂತ.