ತೊಟ್ಟಿಲ ತಲೆದೆಸೆಯ ಲಾಟೀನು

ತರಗತಿಯಲ್ಲಿ ನಾನು ಯಾರನ್ನಾದರೂ ನೋಡಿ ಪ್ರಶ್ನೆ ಕೇಳಿದರೆ ಇಬ್ಬರು ಎದ್ದು ನಿಲ್ಲುತ್ತಿದ್ದರು. ನಾನು ಕೇಳಿದವಳೊಬ್ಬಳು, ಅವಳ ಪಕ್ಕದ ಸಾಲಿನಲ್ಲಿ ಕೂತವಳೊಬ್ಬಳು. ಕೆಲವೊಮ್ಮೆ ಎರಡನೆಯವಳು ಮಾತ್ರ ಏಳುತ್ತಿದ್ದಳು. ಯಾರೂ ನಗುತ್ತಿರಲಿಲ್ಲ. ಅದು ಹೆಣ್ಣುಮಕ್ಕಳ ಕಾಲೇಜು, ಹುಡುಗಿಯರು ಒಳ್ಳೆಯವರು. ಕೆಲಸಕ್ಕೆ ಸೇರಿದ ಎರಡನೇ ವಾರದಿಂದ ನಾನು ರೋಲ್ ನಂಬರ್ ಹೇಳಿ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ‘ಮೇಡಂ ತುಂಬಾ ಸ್ಟ್ರಿಕ್ಟು’ ಎಂಬ ಹೆಸರು ಬಂತು. ಬಂದರೆ ಬರಲಿ ಅಂದುಕೊಂಡೆ.

ನನ್ನದು ಮೆಳ್ಳೆಗಣ್ಣು. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮೂಗಿನ ಕಡೆಗೆ ಸರಿದುಬಿಡುತ್ತಿತ್ತು. ಎರಡರ ದೃಷ್ಟಿಯೂ ಚೆನ್ನಾಗಿಯೇ ಇತ್ತು. ಆದರೆ ಒಂದು ಹೊತ್ತಿಗೆ ಒಂದೇ ಕಣ್ಣು ಕೆಲಸ ಮಾಡುತ್ತಿತ್ತು. ಸಸ್ಯಶಾಸ್ತ್ರ ಓದುವಾಗ ಇದರಿಂದ ನನಗೊಂದು ಅನುಕೂಲವೇ ಆಯಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಾಗದದ ಮೇಲೆ ಬರೆಯಲು ಉಳಿದವರು ಗಳಿಗೆಗೊಮ್ಮೆ ತಲೆ ಎತ್ತಿ ಇಳಿಸಬೇಕಾಗಿತ್ತು. ನಾನು ತಲೆ ಅಲುಗಿಸದೆ ಎಡಗಣ್ಣಿನಿಂದ ಎಲೆಯ ಪದರವನ್ನೂ ಬಲಗಣ್ಣಿನಿಂದ ಪೆನ್ಸಿಲ್ ತುದಿಯನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದೆ. ನನ್ನ ಎಂ.ಎಸ್ಸಿ. ರೆಕಾರ್ಡ್ ಪುಸ್ತಕವನ್ನು ಮುಂದಿನ ವರ್ಷದವರಿಗೆ ತೋರಿಸಲೆಂದು ವಿಭಾಗದಲ್ಲೇ ಇಟ್ಟುಕೊಂಡರು.

ಆಪರೇಷನ್ ಮಾಡಿಸಿದರೆ ಕಣ್ಣು ನೆಟ್ಟಗಾಗುತ್ತದೆ ಎಂದು ಅಮ್ಮ ಎಲ್ಲೋ ಕೇಳಿಕೊಂಡು ಬಂದದ್ದು ಎಂಬತ್ತನಾಲ್ಕರಲ್ಲಿ. ನಾವು ಆಗ ಬನಶಂಕರಿ ಎರಡನೇ ಹಂತದಲ್ಲಿದ್ದೆವು. ಜಯನಗರದ ಮೂರನೇ ಬ್ಲಾಕಿನಲ್ಲಿ ಒಬ್ಬ ಕಣ್ಣಿನ ಡಾಕ್ಟರು ಇದ್ದಾರೆ, ಒಂದು ಸಲ ತೋರಿಸಿಕೊಂಡು ಬರೋಣ ಎಂದು ಅವಳು ಶುರುಮಾಡಿದಳು. ಬೆಳಿಗ್ಗೆ ತಲೆ ಬಾಚುವಾಗ ಹೇಳುತ್ತಿದ್ದಳು, ಊಟಕ್ಕೆ ಬಡಿಸುವಾಗ ಹೇಳುತ್ತಿದ್ದಳು. ಇದು ಮದುವೆಯ ಸಲುವಾಗಿ ಎಂದು ನಾನು ತಿಳಿದಿದ್ದೆ. ಅದಕ್ಕೆ ಹಿಂದಿನ ತಿಂಗಳಷ್ಟೇ ಗಂಡಿನ ಕಡೆಯವರೊಬ್ಬರು ಬಂದು, ಉಪ್ಪಿಟ್ಟು ಕಾಫಿ ಮುಗಿಸಿಕೊಂಡು ಹೋಗಿ, ಜಾತಕ ಕೂಡಿಬರುವುದಿಲ್ಲ ಎಂದು ಹೇಳಿಕಳಿಸಿದ್ದರು. ಜಾತಕ ಕೂಡಿಬಂದಿದೆ ಎಂದೇ ಅವರು ನೋಡಲು ಬಂದದ್ದು.

ಅಪ್ಪನಿಗೆ ಆಪರೇಷನ್ನಿನ ಮಾತೇ ಹಿಡಿಸಲಿಲ್ಲ. “ಮೆಳ್ಳೆಗಣ್ಣು ಅದೃಷ್ಟ ಕಣೇ. ಇವಳು ಹುಟ್ಟಿದ ಮೇಲೇ ನನ್ನ ನೌಕರಿ ಕಾಯಂ ಆಗಿದ್ದು.”

“ನಿಮ್ಮ ಅದೃಷ್ಟಾನ ನೀವೇ ಹೊತ್ಕೊಳ್ಳಿ. ಮಗಳ ಮುಖದ ಮೇಲೆ ಯಾಕೆ ಹೊರಿಸ್ತೀರಿ?” ಎಂದಳು ಅಮ್ಮ.

ನಾನು ಬೇಡ ಅಂದೆ. ಚಿತ್ರ ಬರೆಯುವುದಕ್ಕೆ ತೊಂದರೆಯಾಗುತ್ತದೆ ಎಂದು ಕಾರಣ ಕೊಟ್ಟೆ. ಅದು ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ. ಕೊನೆಗೆ, ಬರಿಯ ತೋರಿಸಿಕೊಂಡು ಬರುವುದು, ಅಷ್ಟೇ, ಎಂಬ ಮಾತಿನ ಮೇಲೆ ಅಮ್ಮನ ಜೊತೆ ಹೊರಟೆ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಒಂದು ರಟ್ಟಿನ ತುಂಡಿನಿಂದ ನನ್ನ ಒಂದು ಕಣ್ಣು ಮುಚ್ಚಿ ಟಾರ್ಚ್ ಬಿಟ್ಟು ನೋಡಿದರು, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರು. “ಯಾವಾಗಿನಿಂದ ಹೀಗಿದೆ?” ಎಂದು ಅಮ್ಮನನ್ನು ಕೇಳಿದರು.

“ಆರು ತಿಂಗಳ ಮಗು ಇದ್ದಾಗಿಂದ.” ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ನನ್ನಿಂದಲೇ ಆಗಿದ್ದು ಡಾಕ್ಟ್ರೇ.”

“ನಿಮ್ಮಿಂದ ಹೇಗಮ್ಮ?”

“ತೊಟ್ಟಿಲ ತಲೆದೆಸೇಲಿ ಲಾಟೀನು ಇಡ್ತಿದ್ದೆ. ಮಗು ಬೆಳಕು ನೋಡೋಕೆ ಅಂತ ಕಣ್ಣು ಮೇಲೆತ್ತಿ ಮೇಲೆತ್ತಿ ಹೀಗಾಯ್ತು.”

“ತಲೆದೆಸೇಲಿ ಯಾಕಿಡ್ತಿದ್ರಿ?”

ಅಮ್ಮ ನನ್ನ ಕಡೆ ನೋಡಲಿಲ್ಲ. “ಓದ್ಕೋತಿದ್ದೆ” ಎಂದಳು.

ಮಗುವಿನ ತಲೆಯ ಹಿಂದೆ ದೀಪ ಇಡಬಾರದು ಎಂಬುದನ್ನು ನಾನೂ ಹತ್ತಾರು ಜನರ ಬಾಯಲ್ಲಿ ಕೇಳಿದ್ದೆ. ಆದರೆ ಹಾಗೆ ದೀಪ ಇಟ್ಟದ್ದು ನನ್ನ ತಲೆಯ ಹಿಂದೆ ಎಂದು ಗೊತ್ತಿರಲಿಲ್ಲ. ಅಮ್ಮ ಓದುತ್ತಿದ್ದಳು ಎಂಬುದಂತೂ ಗೊತ್ತೇ ಇರಲಿಲ್ಲ. ಪೂರ್ತಿ ಸಂಗತಿ ಆಮೇಲೆ ಒಂದೊಂದೇ ಮಾತಾಗಿ ಹೊರಗೆ ಬಂತು. ಎಸ್.ಎಸ್.ಎಲ್.ಸಿ.ಗೆ ಕೂರುವ ಮೊದಲೇ ಅವಳ ಮದುವೆಯಾಗಿತ್ತು. ಖಾಸಗಿಯಾಗಿ ಪರೀಕ್ಷೆ ಕಟ್ಟು ಎಂದು ಅಪ್ಪ ಪುಸ್ತಕ ತಂದುಕೊಟ್ಟಿದ್ದರು. ಆಗ ನಮ್ಮ ಮನೆ ಇದ್ದದ್ದು ವಸಂತಪುರದಲ್ಲಿ, ಅಪ್ಪನ ತಾಯಿಯಾದ ಅಜ್ಜಿಯ ಜೊತೆ. ಮನೆಗಿನ್ನೂ ಕರೆಂಟು ಬಂದಿರಲಿಲ್ಲ. ಸಂಜೆ ಅಡುಗೆ ಮುಗಿದ ಮೇಲೆ ಅಮ್ಮ ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು, ನನ್ನನ್ನು ತೂಗುತ್ತಾ, ಗೋಡೆಯ ಗೂಡಿನಲ್ಲಿ ಲಾಟೀನು ಇಟ್ಟುಕೊಂಡು ಓದುತ್ತಿದ್ದಳಂತೆ. ನನ್ನ ಕಣ್ಣು ಸರಿಯಿಲ್ಲವೆಂದು ತಿಳಿದ ದಿನ ಅಜ್ಜಿ, “ಇವಳ ಓದಿಗೆ ನನ್ನ ಮೊಮ್ಮಗಳ ಕಣ್ಣು ಹೋಯ್ತು” ಎಂದರಂತೆ. ಪುಸ್ತಕಗಳನ್ನು ಅಮ್ಮನೇ ಅಟ್ಟಕ್ಕೆ ಹಾಕಿದಳು. ಪರೀಕ್ಷೆಗೆ ಹೋಗಲಿಲ್ಲ.

ಅಂದು ಅಮ್ಮನ ಮಾತು ಕೇಳಿ ಡಾಕ್ಟರು ಟಾರ್ಚನ್ನು ಮೇಜಿನ ಮೇಲಿಟ್ಟರು. “ನೋಡೀಮ್ಮ, ನಮ್ಮನೇಲೂ ಲಾಟೀನೇ ಇದ್ದಿದ್ದು. ನಾವು ಏಳು ಜನ ಮಕ್ಕಳು, ಒಬ್ಬರಿಗೂ ಹೀಗಾಗಿಲ್ಲ. ದೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಷ್ಟೋ ಸಲ ಇದು ವಂಶದಲ್ಲಿ ಬರೋದು. ನಿಮ್ಮಲ್ಲಿ ಬೇರೆ ಯಾರಿಗಾದ್ರೂ ಇತ್ತಾ?”

“ನಮ್ಮತ್ತೆ ತಮ್ಮನಿಗಿತ್ತು. ಊರಲ್ಲಿ ಅವರನ್ನ ಮೆಳ್ಳಪ್ಪ ಅಂತಲೇ ಕರೀತಿದ್ರು.”

“ಅವರ ತೊಟ್ಟಿಲ ಹಿಂದೆ ಯಾರಮ್ಮ ಕೂತು ಓದ್ತಿದ್ದಿದ್ದು?”

ನನಗೆ ನಗು ಬಂತು. ಅಮ್ಮ ನಗಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತಾ ಕೂತಿದ್ದಳು.

ಆಮೇಲೆ ಅವರು ಆಪರೇಷನ್ ವಿಚಾರ ಹೇಳಿದರು. ಕಣ್ಣನ್ನು ಒಳಕ್ಕೆ ಎಳೆಯುವ ಸ್ನಾಯುವನ್ನು ಬಿಡಿಸಿ ಸ್ವಲ್ಪ ಹಿಂದಕ್ಕೆ ಹೊಲಿಯುತ್ತಾರೆ. ಸಾಮಾನ್ಯವಾಗಿ ದೃಷ್ಟಿಗೆ ತೊಂದರೆಯಾಗುವುದಿಲ್ಲ. ಆದರೆ ದೊಡ್ಡವರಾದ ಮೇಲೆ ಮಾಡಿಸಿಕೊಂಡರೆ ಕೆಲವರಿಗೆ ಒಂದು ಎರಡಾಗಿ ಕಾಣಲು ಶುರುವಾಗುತ್ತದೆ; ಹಲವರಿಗೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ನಿಮಗೇನಾಗಬಹುದು ಎಂದು ಅಂದಾಜು ಮಾಡಲು, ಕಣ್ಣು ನೆಟ್ಟಗಾದರೆ ಹೇಗೋ ಹಾಗೆಯೇ ತೋರಿಸುವ ಪಟ್ಟಕದ ಗಾಜು ಕೂರಿಸಿದ ಒಂದು ಕನ್ನಡಕ ಕೊಡುತ್ತೇನೆ, ಒಂದು ವಾರ ಹಾಕಿಕೊಂಡು ನೋಡಿ ಎಂದರು.

ನಾಲ್ಕನೇ ಬ್ಲಾಕಿನ ಬಸ್‌ ನಿಲ್ದಾಣದವರೆಗೆ ನಾವು ನಡೆದೇ ಹೋದೆವು. ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರ ಅಮ್ಮ ಎರಡು ಮೊಳ ಮಲ್ಲಿಗೆ ಅಳೆಸಿ, ತೆಗೆದುಕೊಳ್ಳದೇ ಹೊರಟುಬಿಟ್ಟಳು. ಹೂವಿನವಳು ಕೂಗಿ ಕರೆದಳು, “ಅಕ್ಕಾ, ಹೂವು ಯಾರಿಗೆ ಬಿಟ್ಟೋದ್ರಿ?” ನಾನು ಹೋಗಿ ತಂದೆ.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು: “ಅವರು ಹೇಳಿದ್ದು ನಿಜಾನಾ?”

“ನಿಜ ಅಮ್ಮ.”

“ಸಮಾಧಾನಕ್ಕೆ ಹೇಳಿರ್ತಾರೆ.”

“ಇಲ್ಲಮ್ಮ. ವಂಶದಲ್ಲಿ ಹೇಗೆ ಬರುತ್ತೆ ಅಂತ ನಾನೇ ಪಾಠ ಮಾಡ್ತೀನಿ. ನೀನು ಇಷ್ಟು ದಿನ ನನಗೆ ಹೇಳಲೇ ಇಲ್ವಲ್ಲ?”

“ಏನಂತ ಹೇಳ್ಲಿ?” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಮದುವೆಗಾಗಿ ಅಲ್ಲ, ತಾನು ಮಾಡಿದ್ದನ್ನು ತಾನೇ ಅಳಿಸಬೇಕೆಂದು ಅವಳು ಹಟ ಹಿಡಿದಿದ್ದಳು. ಹಾಗಾದರೆ ಅವಳಿಗೋಸ್ಕರವಾದರೂ ಮಾಡಿಸಿಕೊಂಡುಬಿಡಲೇ ಎಂದು ಅನ್ನಿಸಿತು. ಯಾರಿಗೋಸ್ಕರವೋ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದು ಸರಿಯೇ ಎಂದೂ ಅನ್ನಿಸಿತು.

ದಸರಾ ರಜೆಯಲ್ಲಿ ಆ ಕನ್ನಡಕ ಹಾಕಿಕೊಂಡೆ. ಮೊದಲ ದಿನ ಎಲ್ಲವೂ ಎರಡೆರಡು. ನಡುಮನೆಯಲ್ಲಿ ಕೂರಿಸಿದ್ದ ಪಟ್ಟದ ಗೊಂಬೆಗಳು ನಾಲ್ಕಾದವು. ಕಾಫಿ ಡಿಕಾಕ್ಷನ್ನನ್ನು ಎರಡು ಲೋಟಗಳ ನಡುವೆ ಕಟ್ಟೆಯ ಮೇಲೆ ಸುರಿದೆ.

“ಎರಡು ಕಂಡ್ರೆ ಒಂದರೊಳಗಾದ್ರೂ ಹಾಕಬಾರ್ದೇನೇ?” ಎಂದು ಅಮ್ಮ ಬಟ್ಟೆ ತಂದಳು.

“ನಿಮ್ಮಮ್ಮಾನೂ ಇಬ್ಬರು ಕಾಣ್ತಿದ್ದಾಳಾ?” ಅಪ್ಪ ಪೇಪರ್ ಇಳಿಸಿ ಕೇಳಿದರು.

“ಹೂಂ ಅಪ್ಪ.”

“ಹಾಗಾದ್ರೆ ಇಬ್ಬರಿಗೂ ಹೇಳು, ನಂಗಿನ್ನೂ ಕಾಫಿ ಬಂದಿಲ್ಲ ಅಂತ.”

ಎರಡನೇ ದಿನ ತಲೆನೋವು. ಮೂರನೇ ದಿನ ಮೆಟ್ಟಿಲಲ್ಲಿ ಎಡವಿದೆ. ನನಗೆ ಒಳಗೊಳಗೆ ನಿರಾಳವೇ ಆಗುತ್ತಿತ್ತು. ಎರಡಾಗಿ ಕಾಣುವುದು ನಿಲ್ಲದಿದ್ದರೆ ಡಾಕ್ಟರೇ ಬೇಡ ಅನ್ನುತ್ತಾರೆ, ನಾನು ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ. ಐದನೇ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಂದೇ ಲೋಟ ಇತ್ತು. ಕೈ ಇಟ್ಟು ನೋಡಿದೆ. ಒಂದೇ. ಅಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು, ಅಮ್ಮನೂ ಒಬ್ಬಳೇ. ನನ್ನ ಎರಡು ಕಣ್ಣೂ ಒಟ್ಟಿಗೆ ಅವಳನ್ನು ನೋಡುತ್ತಿದ್ದವು.

ಅಂದು ನನಗೆ ಸಂತೋಷವಾಗಬೇಕಾಗಿತ್ತು. ಆದದ್ದು ಭಯ. ಚಿತ್ರದ ನೆಪವೂ ಹೋಯಿತು; ಎಲ್ಲರ ಹಾಗೆ ತಲೆ ಎತ್ತಿ ಇಳಿಸಿ ಬರೆಯುವುದು ನನಗೇನು ಬಾರದ ಕೆಲಸವಲ್ಲ. ಚಿಕ್ಕಂದಿನಿಂದ ನಾನು ಜನರೊಂದಿಗೆ ಬೆರೆಯದೇ ಇದ್ದದ್ದಕ್ಕೆ ಕಣ್ಣೇ ಕಾರಣವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಂಗಡಿಯವನು ನನ್ನನ್ನು ಬಿಟ್ಟು ಪಕ್ಕದವರನ್ನು ‘ಏನು ಬೇಕು’ ಎಂದು ಕೇಳಿದಾಗ, ಗೆಳತಿಯೊಬ್ಬಳು ಮಾತಿನ ನಡುವೆ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಾಗ, ನಾನು ಸುಮ್ಮನಾಗುವುದನ್ನು ಕಲಿತಿದ್ದೆ. ಕಣ್ಣು ನೆಟ್ಟಗಾದ ಮೇಲೂ ನಾನು ಹೀಗೇ ಉಳಿದುಬಿಟ್ಟರೆ? ಎರಡು ದಿನ ಇದನ್ನೇ ಯೋಚಿಸಿದೆ. ಕೊನೆಗೆ ಉಳಿದದ್ದು ಒಂದೇ ಸಣ್ಣ ಆಸೆ. ರೋಲ್ ನಂಬರ್ ಹೇಳದೆ, ಒಬ್ಬ ಹುಡುಗಿಯ ಮುಖ ನೋಡಿ, ‘ನೀನು ಹೇಳು’ ಎಂದು ಕೇಳಬೇಕು. ಅವಳೊಬ್ಬಳೇ ಎದ್ದು ನಿಲ್ಲಬೇಕು. ಇದು ಅಮ್ಮನಿಗೋಸ್ಕರವಲ್ಲ, ಯಾವ ಗಂಡಿಗೋಸ್ಕರವೂ ಅಲ್ಲ ಎಂಬುದು ಖಚಿತವಾಯಿತು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮನಿಗೆ ಹೇಳಿದೆ, “ಮಾಡಿಸ್ಕೋತೀನಿ.”

ಅಮ್ಮ ಒದ್ದೆ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಂಡಿದೆವು. “ಬೇಡ ಬಿಡು” ಎಂದಳು.

“ಏನು? ಮೂರು ತಿಂಗಳಿಂದ ಪ್ರಾಣ ತಿಂದಿದ್ದು ನೀನೇ ಅಲ್ವಾ?”

“ಆಗ ಬೇರೆ. ನಿನ್ನ ಮುಖ ನೋಡಿದಾಗೆಲ್ಲ ನಂಗೆ ಆ ಲಾಟೀನೇ ಕಾಣ್ತಿತ್ತು. ಈಗ ನಿನ್ನ ಮುಖ ಕಾಣುತ್ತೆ. ಚೆನ್ನಾಗೇ ಇದೆ. ಯಾಕೆ ಸುಮ್ನೆ ಕತ್ತರಿ ಹಾಕಿಸ್ಕೋತೀಯ?”

“ನನಗೆ ಬೇಕು ಅಮ್ಮ.”

ನಾನು ಏನನ್ನೂ ಹಾಗೆ ಕೇಳಿದವಳಲ್ಲ. ಅಮ್ಮ ಸೀರೆಯನ್ನು ಹಗ್ಗದ ಮೇಲೆ ಹರವಿದಳು, ಅಂಚು ಎಳೆದು ಸರಿಮಾಡಿದಳು, ಮತ್ತೆ ಎಳೆದಳು. ಸೀರೆಯ ಆ ಬದಿಯಿಂದ ಅವಳ ದನಿ ಬಂತು. “ನಿಂಗೆ ಸುಸ್ತಾದ್ರೆ ಎಡಗಣ್ಣು ತುಂಬಾ ಒಳಗೆ ಹೋಗುತ್ತೆ. ಜ್ವರ ಬರೋ ಹಿಂದಿನ ದಿನವೇ ಹೋಗುತ್ತೆ. ಮನಸ್ಸಿಗೆ ಬೇಜಾರಾದ್ರೂ ಅಷ್ಟೇ. ಅವತ್ತು ಆ ಗಂಡಿನ ಕಡೆಯವರು ಹೇಳಿಕಳಿಸಿದ ಸಂಜೆ, ನೀನು ಏನೂ ಆಗಿಲ್ಲ ಅನ್ನೋ ಹಾಗೆ ಕೂತು ಪೇಪರ್ ತಿದ್ತಾ ಇದ್ದೆ. ಕಣ್ಣು ನೋಡಿದೆ, ಗೊತ್ತಾಯ್ತು. ನೀನಂತೂ ಬಾಯಿಬಿಟ್ಟು ಹೇಳೋಳಲ್ಲ. ಅದನ್ನ ನೆಟ್ಟಗೆ ಮಾಡಿಸ್ಕೊಂಡ್ಬಿಟ್ರೆ ಆಮೇಲೆ ನಂಗೆ ಹೇಗೆ ಗೊತ್ತಾಗ್ಬೇಕು?”

ಆ ಸಂಜೆ ಅವಳು ಯಾಕೆ ಏನೂ ಕೇಳದೆ ನನಗಿಷ್ಟವಾದ ಮೆಣಸಿನ ಸಾರು ಮಾಡಿದ್ದಳು ಎಂಬುದು ನನಗೆ ಆಗ ತಿಳಿಯಿತು.

“ಹೇಳ್ತೀನಿ” ಎಂದೆ.

“ಯಾರು, ನೀನಾ?”

“ಹೂಂ.”

“ಆಯ್ತು, ನೋಡ್ತೀನಿ ಅದನ್ನೂ” ಎಂದು ಅಮ್ಮ ಬಕೆಟ್ಟು ಎತ್ತಿಕೊಂಡಳು.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಕಣ್ಣು ಬಹುಮಟ್ಟಿಗೆ ನೆಟ್ಟಗಾಗಿದೆ. ತರಗತಿಯಲ್ಲಿ ಈಗ ಒಬ್ಬಳೇ ಎದ್ದು ನಿಲ್ಲುತ್ತಾಳೆ, ಚಿತ್ರ ಬರೆಯುವಾಗ ನಾನೂ ಎಲ್ಲರಂತೆ ತಲೆ ಎತ್ತಿ ಇಳಿಸುತ್ತೇನೆ. ಆದರೆ ನನಗೆ ಹೆಚ್ಚು ನೆನಪಿರುವುದು ಆಪರೇಷನ್ ಆದ ದಿನದ ಮಧ್ಯಾಹ್ನ. ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಮಂಚದ ಪಕ್ಕ ಅಮ್ಮ ಸ್ಟೂಲಿನ ಮೇಲೆ ಕೂತಿರುವುದು ಅವಳ ಬಳೆಯ ಸದ್ದಿನಿಂದ ತಿಳಿಯುತ್ತಿತ್ತು. ರೆಪ್ಪೆಯೊಳಗೆ ಮರಳು ತುಂಬಿದ ಹಾಗೆ ಉರಿ, ಅದರ ಹಿಂದೆ ಹಣೆಯವರೆಗೂ ನೋವು.

“ಹೇಗಿದೆ ಪುಟ್ಟಿ?” ಎಂದಳು.

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ನೋಯ್ತಿದೆ ಅಮ್ಮ.”

“ತುಂಬಾನಾ?”

“ತುಂಬಾ. ಭಯಾನೂ ಆಗ್ತಿದೆ.”

ಅವಳ ಕೈ ಒಂದು ಗಳಿಗೆ ನನ್ನ ಕೈ ಮೇಲೆ ಬಂದು ಕೂತಿತು. ಆಮೇಲೆ ಸ್ಟೂಲು ಸರಿದ ಸದ್ದು, ಬಾಗಿಲು ತೆರೆದ ಸದ್ದು. “ಸಿಸ್ಟರ್, ಬೇಗ ಬನ್ನಿ, ನನ್ನ ಮಗಳಿಗೆ ನೋಯ್ತಿದೆಯಂತೆ. ಅವಳೇ ಹೇಳಿದ್ಲು” ಎಂದು ಅಮ್ಮ ವರಾಂಡದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.