ಅಂಗಿ ಮಡಿಸುವ ನಾಯಕ

ಕಳಚಿದ ಅಂಗಿಯನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಮನುಷ್ಯಕುಲವನ್ನು ಎರಡಾಗಿ ವಿಂಗಡಿಸಬಹುದೆಂದು ನನ್ನ ನಂಬಿಕೆ. ನೀವು ಯಾವ ಪಂಗಡವೋ ಕಾಣೆ, ನಾನಂತೂ ಎಸೆಯುವವನು. ಕುರ್ಚಿ ಇರುವುದು ಕೂರುವುದಕ್ಕೆಂಬ ಸಂಗತಿ ನಮ್ಮ ಮನೆಯ ಕುರ್ಚಿಗೆ ಇನ್ನೂ ತಿಳಿದಿಲ್ಲ. ನನ್ನೊಡನೆ ಲಕ್ಷ್ಮೀಪುರದ ಮಹಡಿಮನೆಯಲ್ಲಿ ಬಾಡಿಗೆಗಿದ್ದ ಶ್ರೀಕಂಠ ಮಡಿಸುವ ಪಂಗಡದವನು. ಮಹಾರಾಜರಿಗೆ ರಾಜ್ಯ ಹೋಗಿ ರಾಜಪ್ರಮುಖ ಪದವಿ ಬಂದಿದ್ದರೂ ಪೇಟಗಳಿನ್ನೂ ತಲೆಯಿಂದಿಳಿಯದಿದ್ದ ಕಾಲ ಅದು. ಅರಮನೆಯ ಗುಮಾಸ್ತನಾದ ಅವನು ಸಂಜೆ ಬಂದೊಡನೆ ಜರಿಪೇಟವನ್ನು ಎರಡೂ ಕೈಯಲ್ಲಿ ಇಳಿಸಿ ಗೂಡಿನಲ್ಲಿಟ್ಟು, ಕರಿಕೋಟನ್ನು ಗೂಟಕ್ಕೆ ತೂಗುಹಾಕಿ, ಅಂಗಿಯನ್ನು ತೋಳಿಗೆ ತೋಳು, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಮೇಲೆಯೇ ಕಾಫಿಯ ಪ್ರಸ್ತಾಪ ಮಾಡುತ್ತಿದ್ದ. ಮೂವತ್ತು ದಾಟಿದರೂ ಹೆಣ್ಣು ನೋಡಲು ಹೊರಡದ ನಮ್ಮಿಬ್ಬರ ಬಗ್ಗೆ ಕೆಳಮನೆಯವರಿಗೆ ಬಲು ಮರುಕ.

ಆ ದಿನಗಳಲ್ಲಿ ನಾನೊಂದು ಸಣ್ಣ ಕಥೆ ಬರೆದೆ. ಪ್ರೇಮಕಥೆ, ಅದೂ ಇಬ್ಬರು ಗಂಡಸರದು, ಅದೂ ಧಾರಾಳವಾಗಿ ಶೃಂಗಾರ ಬೆರೆತದ್ದು. ಪತ್ರಿಕೆಯವರು ಅಚ್ಚುಹಾಕುವುದಿರಲಿ, ಲಕೋಟೆ ಒಡೆದ ಕೈಯನ್ನೇ ತೊಳೆದುಕೊಂಡಾರೆಂದು ಗೊತ್ತಿದ್ದೂ ಬರೆದೆ. ನಾಯಕ ಮಾಧವನಿಗೆ ಪೇಟ, ಮಿತಭಾಷಣ, ಅಂಗಿ ಮಡಿಸುವ ಶಿಸ್ತು ಎಲ್ಲವನ್ನೂ ದಯಪಾಲಿಸಿ, ಕೊನೆಗೊಂದು ಕನ್ನಡಕ ತೊಡಿಸಿ, ಇನ್ನು ಯಾರಿಗೂ ಗುರುತು ಸಿಗದೆಂದು ಬೀಗಿದೆ. ನನಗಿದ್ದ ಓದುಗ ಶ್ರೀಕಂಠನೊಬ್ಬನೇ. ಕೊಡಲು ಧೈರ್ಯ ಸಾಲದು, ಕೊಡದಿರಲು ಮನಸ್ಸು ಒಪ್ಪದು. ಓದಿ ಅವನು ಹಾಸಿಗೆ ಸುತ್ತಿಕೊಂಡು ಹೊರಟರೆ ನನಗೆ ಆ ಮನೆಯಲ್ಲಿ, ನಿಜ ಹೇಳಬೇಕೆಂದರೆ ಆ ಊರಿನಲ್ಲೇ, ಏನೂ ಉಳಿಯುತ್ತಿರಲಿಲ್ಲ. ಆದರೂ ಒಂದು ಭಾನುವಾರ, ಮಾರುಕಟ್ಟೆಯಿಂದ ಬಂದವನ ಕೈಯಿಂದ ಚೀಲ ಕಸಿದು ಅದೇ ಕೈಗೆ ಕಥೆ ತುರುಕಿದೆ.

ಅವನು ಅಂಗಿಯನ್ನೂ ಕಳಚದೆ ಕಿಟಕಿಯ ಬಳಿ ಕುಳಿತು, ಕಡತ ನೋಡುವವನಂತೆ ಹುಬ್ಬು ಗಂಟಿಕ್ಕಿ ಓದಿದ. ನಾನು ಕಾಫಿ ಮಾಡಿ ಸಕ್ಕರೆ ಮರೆತೆ. ಕಡೆಯ ಹಾಳೆಗೆ ಬಂದಾಗ ಅವನ ಕಿವಿ ಕೆಂಪಾಯಿತು.

"ಈ ಮಾಧವ ಕೊನೇಲಿ ಕೆಟ್ಟೋದ ಕಣೋ," ಎಂದ.

ನಾನು ಲೋಟ ಕೆಳಗಿಟ್ಟೆ. "ಯಾಕೆ?"

"ಗೆಳೆಯ ಹತ್ರ ಬಂದ್ಬುಟ್ಟ ಅಂತ ಅಂಗಿ ಕಿತ್ತು ಮೂಲೆಗೆ ಎಸೀತಾನಂತೆ! ಮೊದಲ್ನೇ ಪುಟದಿಂದ ಮಡಿಸ್ಕೊಂಡು ಬಂದೋನು ಹಂಗೆಲ್ಲ ಎಸೆಯೋನಲ್ಲ."

ನಾನು ಪಂಡಿತನ ಗತ್ತಿನಲ್ಲಿ ರಸಾವೇಶ, ಮೈಮರೆವು, ಭಾವೋತ್ಕಟತೆ ಎಂದೆಲ್ಲ ವಾದಿಸಿದೆ. ಮೋಹದ ಮುಂದೆ ಶಿಸ್ತೆಲ್ಲಿಯದು ಎಂದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಎಸೆಯೋನು ನೀನು. ನಿನ್ನ ಸ್ವಭಾವಾನ ಅವನ ಮೇಲೆ ಹೊರಿಸಿದೀಯ. ಅವನು ಆಗ್ಲೂ ಮಡಿಸೇ ಮಡಿಸ್ತಾನೆ," ಎಂದ.

"ನಿಂಗೆ ಹೆಂಗೆ ಗೊತ್ತು?" ಎಂದು ನಾನು ಕೇಳಿದ್ದು ಜಾಣತನವೋ ದಡ್ಡತನವೋ, ಇಂದಿಗೂ ತಿಳಿಯದು.

ಅವನು ಎದ್ದು ಬಾಗಿಲಿನ ಅಗುಳಿ ಹಾಕಿದ. ಗುಂಡಿ ಬಿಚ್ಚಿ, ಅಂಗಿ ಕಳಚಿ, ತೋಳಿಗೆ ತೋಳು ಕೂಡಿಸತೊಡಗಿದ. ಕೈ ನಡುಗುತ್ತಿತ್ತು, ಅಂಚಿಗೆ ಅಂಚು ಕೂಡದೆ, ಬಿಚ್ಚಿ ಮತ್ತೆ ಮಡಿಸಿದ. ಆಮೇಲೂ ಅದು ಸೊಟ್ಟಗೇ ಇತ್ತು. ನಾನು ಕಾದೆ. ಅಷ್ಟು ಸುಖವಾಗಿ ನಾನು ಇನ್ಯಾವುದಕ್ಕೂ ಕಾದವನಲ್ಲ.

ಮರುದಿನ ಕಥೆಯನ್ನು ತಿದ್ದಿದೆ. ಮಾಧವ ಈಗ ಮಡಿಸುತ್ತಾನೆ, ಸ್ವಲ್ಪ ಸೊಟ್ಟಗೆ. ಮನುಷ್ಯ ಪ್ರೀತಿಯಲ್ಲಿ ಬೇರೊಬ್ಬನಾಗಿಬಿಡುತ್ತಾನೆಂದು ನಾನು ತಿಳಿದಿದ್ದೆ. ಹಾಗೇನಿಲ್ಲ, ತಾನಾಗಿಯೇ ಇದ್ದು ನಡುಗುತ್ತಾನೆ, ಅಷ್ಟೆ. ಕಥೆ ಅಚ್ಚಾಗಲಿಲ್ಲ, ಶ್ರೀಕಂಠ ಹಾಸಿಗೆ ಸುತ್ತಿಕೊಂಡು ಹೊರಡಲೂ ಇಲ್ಲ.

ನಾನು ಈಗಲೂ ಅಂಗಿಯನ್ನು ಕುರ್ಚಿಗೇ ಎಸೆಯುತ್ತೇನೆ, ಪಾತ್ರ ಕೆಡಬಾರದಲ್ಲ. ಬೆಳಗ್ಗೆ ಎದ್ದು ನೋಡಿದರೆ ಅದು ತೋಳಿಗೆ ತೋಳು ಕೂಡಿ, ಅವನ ಅಂಗಿಯ ಮೇಲೆ ಮಡಿಸಿಟ್ಟಿರುತ್ತದೆ.